ಹಳೇ ಇಟ್ಟಿಗೆ ಮನೆಗೆ ಗಾರೆಯೇ ಮದ್ದು, ಸಿಮೆಂಟಲ್ಲ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ತಾತಂದಿರ ಕಾಲದ ಇಟ್ಟಿಗೆ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ದಪ್ಪ ಗೋಡೆ, ಮುಂದೆ ಜಗಲಿ, ಒಳಗೆ ಹಜಾರ, ಮೇಲೆ ಹೆಂಚು ಇಲ್ಲವೇ ಕಲ್ಲು ಚಪ್ಪಡಿ. ಗೋಡೆಯ ಬುಡ ಸ್ವಲ್ಪ ಉದುರಿದರೆ ಸಾಕು, 'ಒಂದು ಕೋಟ್ ಸಿಮೆಂಟ್ ಹೊಡೆದುಬಿಡೋಣ, ಗಟ್ಟಿಯಾಗುತ್ತೆ' ಅನ್ನುತ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಆ ಸಿಮೆಂಟು ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಆಮೇಲೆ 'ಮನೆ ಹಳೇದಾಯ್ತು, ಕೆಡವೋದೇ ಸರಿ' ಎಂಬ ಮಾತು. ಕೆಟ್ಟದ್ದು ಮನೆಯೋ, ಹಾಕಿದ ಮದ್ದೋ?

ಗೋಡೆಗೂ ಉಸಿರಿದೆ

ಹಳೇ ಗೋಡೆಯ ಬುಡದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಮೇಲೇರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೀರಿ ಬಿಸಿಲಿಗೆ ಹೊರಗೆ ಬಿಡುತ್ತದೆ. ಗೋಡೆ ಚೂರು ಕುಸಿದರೂ ಮೆದುವಾದ ಗಾರೆಯ ಸಂದು ಬಿರಿಯುತ್ತದೆ, ಇಟ್ಟಿಗೆ ಉಳಿಯುತ್ತದೆ.

ಸಿಮೆಂಟು ಈ ದಾರಿ ಮುಚ್ಚುತ್ತದೆ. ಒಳಗೆ ಸಿಕ್ಕಿಕೊಂಡ ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕು. ಜೊತೆಗೆ ಬಂದ ಉಪ್ಪು ಇಟ್ಟಿಗೆಯ ಮೈಯೊಳಗೆ ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. ಗೋಡೆ ಮೇಲೆ ಬಿಳಿ ಉಪ್ಪು ಕಂಡಿತೆಂದರೆ ಇದು ಶುರುವಾಗಿದೆ ಅಂತ ತಿಳಿಯಿರಿ.

ಇಂಗ್ಲೆಂಡಿನವರು ಕಲಿತ ಪಾಠ

ನಮ್ಮ ಮೇಸ್ತ್ರಿಗಳು 'ಇಂಗ್ಲಿಷ್ ಬಾಂಡ್' ಅನ್ನುತ್ತಾರಲ್ಲ, ಒಂದು ವರಸೆ ಉದ್ದ ಇಟ್ಟಿಗೆ, ಅದರ ಮೇಲಿನ ವರಸೆ ಅಡ್ಡ ಇಟ್ಟಿಗೆ, ಆ ಹೆಸರು ಬಂದದ್ದು ಅಲ್ಲಿಂದಲೇ. ಆ ದೇಶದಲ್ಲಿ ಇನ್ನೂರು ಮುನ್ನೂರು ವರ್ಷದ ಇಟ್ಟಿಗೆಯ ರೈತರ ಮನೆಗಳು ಇಂದಿಗೂ ವಾಸಕ್ಕಿವೆ. ಇಪ್ಪತ್ತನೇ ಶತಮಾನದಲ್ಲಿ ಅವಕ್ಕೂ ಸಿಮೆಂಟ್ ಮೆತ್ತಿದರು. ಅಲ್ಲಿ ಒಳಗಿನ ತೇವ ಚಳಿಗೆ ಹೆಪ್ಪುಗಟ್ಟಿ ಇಟ್ಟಿಗೆಯ ಮೈ ಹಾರಿಹೋಯಿತು. ಈಗ ಹಳೇ ಮನೆಗೆ ಸುಣ್ಣವೇ ಸರಿ ಎಂದು ತಿಳಿದವರು ಹೇಳುತ್ತಾರೆ. 1947ರ ಕಾಯ್ದೆಯ ನಂತರ ಇಂಥ ಮನೆಗಳನ್ನು ಸರ್ಕಾರವೇ ಪಟ್ಟಿ ಮಾಡುತ್ತ ಬಂದಿದೆ. ಪಟ್ಟಿಯಲ್ಲಿರುವ ಮನೆಯ ಸ್ವರೂಪವನ್ನು ಅನುಮತಿ ಇಲ್ಲದೆ ಬದಲಿಸಿದರೆ ಅಪರಾಧ.

ನಮ್ಮಲ್ಲಿ ಕೋಲಾರದ ಸೋಮೇಶ್ವರ, ಕೋಲಾರಮ್ಮ ದೇವಸ್ಥಾನಗಳಿಗೆ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ ಇದೆ. ಸಾಧಾರಣ ರೈತನ ಮನೆಗೆ ಅದರ ಯಜಮಾನನೇ ರಕ್ಷಣೆ.

ಗಾರೆ ನಮಗೆ ಹೊಸದಲ್ಲ

ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣ ಹಿರಿಯರಿಗೆ ನೆನಪಿರಬಹುದು. ಸುಣ್ಣದ ಜೊತೆ ಇಟ್ಟಿಗೆ ಪುಡಿ, ಅಂದರೆ ಸುರ್ಕಿ ಸೇರಿಸಿದರೆ ಗಾರೆ ತೇವದಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲೇ. ಆಗ ಮುಖ್ಯ ಇಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ 2007ರವರೆಗೂ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಇಟ್ಟಿಗೆ, ಹೆಂಚಿಗೆ ಮಾಲೂರಂತೂ ಹೆಸರಾದ ಊರು.

ರಿಪೇರಿ ಹೀಗೆ

* ಮೊದಲು ನೀರು ತಡೆಯಿರಿ. ಒಡೆದ ಹೆಂಚು ಬದಲಿಸಿ. ರಸ್ತೆಗೆ ಮತ್ತೆ ಮತ್ತೆ ಕಾಂಕ್ರೀಟ್ ಹಾಕಿ ಮನೆಗಿಂತ ಎತ್ತರವಾಗಿದ್ದರೆ ಮಳೆ ನೀರು ಬುಡಕ್ಕೇ ಬರುತ್ತದೆ. ಗೋಡೆ ಪಕ್ಕ ಚರಂಡಿ ಮಾಡಿ ನೀರನ್ನು ದೂರ ಸಾಗಿಸಿ. ಬಚ್ಚಲು ನೀರಿಗೂ ಇದೇ ಮಾತು.

* ಸಡಿಲವಾದ ಸಿಮೆಂಟನ್ನು ತೆಗೆಯಿರಿ. ಬಿಗಿಯಾಗಿ ಅಂಟಿದ್ದನ್ನು ಮೀಟಬೇಡಿ, ಇಟ್ಟಿಗೆಯೂ ಬರುತ್ತದೆ. ಸಂದುಗಳನ್ನು ಕೈ ಉಳಿಯಿಂದ ಸುಮಾರು ಒಂದು ಇಂಚು ಆಳಕ್ಕೆ ಕೆರೆಯಿರಿ. ಮೆಷಿನ್ ಬೇಡ.

* ಚೆನ್ನಾಗಿ ಅರಳಿಸಿ ವಾರಗಟ್ಟಲೆ ನೀರಲ್ಲಿ ನೆನೆದ ಸುಣ್ಣ 1, ಸುರ್ಕಿ 1, ಮರಳು 2 ಪಾಲು ಹಾಕಿ ಅರೆಯಿರಿ. ಸುರ್ಕಿಗೆ ಹದವಾಗಿ ಬೆಂದ ಇಟ್ಟಿಗೆ ಇರಲಿ, ಬೆಂದು ಕಪ್ಪಾದದ್ದು ಬೇಡ. ಉಪ್ಪು ನೀರು ಬಳಸಬೇಡಿ. ಸುಣ್ಣ ಅರಳಿಸುವಾಗ ಕುದಿದು ಸಿಡಿಯುತ್ತದೆ. ಮಕ್ಕಳು ದೂರವಿರಲಿ, ಕಣ್ಣು ಜೋಪಾನ.

* ಗೋಡೆ ನೆನೆಸಿ ಗಾರೆ ತುಂಬಿ. ವಾರಕ್ಕೂ ಹೆಚ್ಚು ದಿನ ಒದ್ದೆ ಗೋಣಿ ಇಳಿಬಿಡಿ. ಬೇಗ ಒಣಗಿದರೆ ಉದುರುತ್ತದೆ. ಜಡಿಮಳೆಯಲ್ಲೂ ಬೇಡ, ಸುಡುಬಿಸಿಲಲ್ಲೂ ಬೇಡ. ದೀಪಾವಳಿ ಕಳೆದ ಮೇಲೆ ಒಳ್ಳೇ ಕಾಲ.

* ಮೇಲೆ ಸುಣ್ಣವನ್ನೇ ಬಳಿಯಿರಿ. ಆಯಿಲ್ ಪೇಂಟ್ ಮತ್ತೆ ಗೋಡೆಯ ಉಸಿರು ಕಟ್ಟುತ್ತದೆ.

ಗೋಡೆ ಹೊಟ್ಟೆ ಬಿಟ್ಟಿದ್ದರೆ, ಆರುಪಾರು ಬಿರುಕಿದ್ದರೆ ಗಾರೆ ತುಂಬಿ ಸುಮ್ಮನಾಗಬೇಡಿ. ಊರೆ ಕೊಟ್ಟು, ಅನುಭವ ಇರುವವರನ್ನು ಕರೆಸಿ. ಹೆಂಚು ತೆಗೆದು ಹಳೇ ಗೋಡೆ ಮೇಲೆ ಆರ್‌ಸಿಸಿ ಹಾಕುವ ಯೋಚನೆ ಅಪಾಯದ್ದು. ಮಣ್ಣಿನಲ್ಲಿ ಕಟ್ಟಿದ ಗೋಡೆ ಆ ಭಾರ ತಾಳದು.

ಹೊಸ ಮನೆಗೆ ಸಿಮೆಂಟ್ ಬೇಡ ಅಂತ ಹೇಳ್ತಿಲ್ಲ. ಗಾರೆ ಕೆಲಸ ನಿಧಾನ, ಕಲಿತ ಕೈಗಳೂ ಕಡಿಮೆ, ಅದೂ ನಿಜ. ಆದರೆ ರೇಷ್ಮೆ ಹುಳು ಸಾಕುವವರು ಲೆಕ್ಕ ಹಾಕಿ ನೋಡಿ. ಹುಳುವಿಗೆ ಬೇಕಾದ್ದು ಸುಮಾರು 23ರಿಂದ 28 ಡಿಗ್ರಿ. ದಪ್ಪ ಗೋಡೆ, ಹೆಂಚಿನ ಹಜಾರ ಬೇಸಿಗೆಯಲ್ಲಿ ಶೀಟ್ ಮನೆಗಿಂತ ಎಷ್ಟೋ ತಂಪು. ರಾಗಿ, ಬೀಜ ಇಡಲಿಕ್ಕೂ ಒಣಗಿದ ತಂಪು ಕೋಣೆ ಬೇಕೇ ಬೇಕು. ಕೆಡವಿದರೆ ಸಿಗುವುದು ಹಳೇ ಮರದ ವ್ಯಾಪಾರಿ ಕೊಡುವ ಒಂದು ಸಲದ ದುಡ್ಡು, ಅಷ್ಟೆ. ಈ ಮಳೆಗಾಲದಲ್ಲಿ ಒಮ್ಮೆ ಮನೆ ಸುತ್ತ ನಡೆದು, ನೀರು ಎಲ್ಲಿ ನಿಲ್ಲುತ್ತೆ ಅಂತ ಗುರುತು ಹಾಕಿಕೊಳ್ಳಿ. ಮೇಸ್ತ್ರಿಯನ್ನು ಕರೆಯುವುದು ಆಮೇಲೆ.