ಬದರಿನಾಥದ ಹಿಮಪಾತ ಹಾಗೂ ಋತುಮಾನ: ಯಾತ್ರಾರ್ಥಿಗಳಿಗೆ ಮಾಹಿತಿ

ಉತ್ತರಾಖಂಡ ರಾಜ್ಯದ ಚಮೋಲಿ ಜಿಲ್ಲೆಯಲ್ಲಿ, ಅಲಕನಂದಾ ನದಿಯ ದಡದಲ್ಲಿರುವ ಬದರಿನಾಥ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಚಾರ್‌ಧಾಮ್ ಯಾತ್ರೆಯ ಸಹಾಯಧನಕ್ಕೆ ಅರ್ಜಿ ಸಲ್ಲಿಸುವ ರಾಜ್ಯದ ಯಾತ್ರಾರ್ಥಿಗಳು ಪ್ರಯಾಣದ ದಿನಾಂಕ ನಿಗದಿಪಡಿಸುವ ಮುನ್ನ ಅಲ್ಲಿನ ಹವಾಗುಣವನ್ನು ಅರಿತಿರುವುದು ಅವಶ್ಯಕವಾಗಿದೆ.

1. ಚಳಿಗೆ ಕಾರಣ
ಎತ್ತರವು ಪ್ರತಿ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣಾಂಶವು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಆದುದರಿಂದ ಎತ್ತರದ ಕಾರಣವೊಂದರಿಂದಲೇ ಬದರಿನಾಥವು ಬೆಂಗಳೂರಿಗಿಂತ ಸುಮಾರು 14 ಡಿಗ್ರಿ ತಂಪಾಗಿರುತ್ತದೆ. ವಾಯುಭಾರವೂ ಸಮುದ್ರಮಟ್ಟದ ಶೇ. 70ರಷ್ಟು ಮಾತ್ರ ಇರುವುದರಿಂದ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ.

2. ಋತುಗಳು
(ಅ) ನವೆಂಬರ್‌ನಿಂದ ಏಪ್ರಿಲ್: ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ವಾಯುಭಾರ ಕುಸಿತಗಳು ಹಿಮಾಲಯಕ್ಕೆ ತಡೆದು ಹಿಮ ಸುರಿಸುತ್ತವೆ. ಈ ಅವಧಿಯಲ್ಲಿ ದೇವಾಲಯ ಮುಚ್ಚಿರುತ್ತದೆ. ಉದ್ಧವ ಹಾಗೂ ಕುಬೇರರ ಉತ್ಸವಮೂರ್ತಿಗಳನ್ನು ಪಾಂಡುಕೇಶ್ವರಕ್ಕೆ ಕೊಂಡೊಯ್ಯಲಾಗುತ್ತದೆ. ಸಮೀಪದ ಮಾಣಾ ಗ್ರಾಮಸ್ಥರೂ ತಗ್ಗಿನ ಊರುಗಳಿಗೆ ತೆರಳುತ್ತಾರೆ.
(ಆ) ಮೇ ಮತ್ತು ಜೂನ್: ಹಿಮ ಕರಗಿ ಮಾರ್ಗ ತೆರೆದಿರುತ್ತದೆ. ಹಗಲು ಹಿತಕರವಾಗಿದ್ದರೂ ರಾತ್ರಿಯ ಚಳಿ ತೀವ್ರವಾಗಿರುತ್ತದೆ.
(ಇ) ಜುಲೈ ಮತ್ತು ಆಗಸ್ಟ್: ಮುಂಗಾರು ಮಳೆಯಿಂದ ಭೂಕುಸಿತ ಉಂಟಾಗಿ ಜೋಶಿಮಠದಿಂದ ಮುಂದಿನ ರಸ್ತೆ ಆಗಾಗ್ಗೆ ಬಂದ್ ಆಗುತ್ತದೆ.
(ಈ) ಸೆಪ್ಟೆಂಬರ್ ಉತ್ತರಾರ್ಧ ಹಾಗೂ ಅಕ್ಟೋಬರ್: ಆಕಾಶ ಸಾಮಾನ್ಯವಾಗಿ ಶುಭ್ರವಾಗಿದ್ದು, ಚಳಿ ಕ್ರಮೇಣ ಹೆಚ್ಚುತ್ತದೆ.

3. ಗಮನಿಸಬೇಕಾದ ಘಟನೆಗಳು
ಯಾತ್ರಾಕಾಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸತಕ್ಕದ್ದಲ್ಲ. 2013ರ ಜೂನ್ ಮಧ್ಯಭಾಗದ ಭಾರಿ ಮಳೆ ಹಾಗೂ ಪ್ರವಾಹದಿಂದ ರಸ್ತೆ ಕೊಚ್ಚಿಹೋಗಿ, ಬದರಿನಾಥದಲ್ಲಿ ಸಾವಿರಾರು ಯಾತ್ರಾರ್ಥಿಗಳು ಸಿಲುಕಿದ್ದರು. ಅನೇಕರನ್ನು ಹೆಲಿಕಾಪ್ಟರ್ ಮೂಲಕ ಕರೆತರಲಾಯಿತು. ದಿನಾಂಕ 28-02-2025ರಂದು ಮಾಣಾ ಸಮೀಪ ರಸ್ತೆ ಕಾರ್ಮಿಕರ ಶಿಬಿರದ ಮೇಲೆ ಹಿಮರಾಶಿ ಕುಸಿದು 54 ಕಾರ್ಮಿಕರು ಸಿಲುಕಿ, 8 ಮಂದಿ ಮೃತಪಟ್ಟರು. ಚಳಿಗಾಲ ಮುಗಿಯುತ್ತ ಬಂದಾಗಲೂ ಇಳಿಜಾರಿನಲ್ಲಿ ಶೇಖರವಾದ ಹಿಮವು ಅಪಾಯಕಾರಿಯೆಂಬುದು ಇದರಿಂದ ತಿಳಿದುಬರುತ್ತದೆ.

4. ಅರ್ಜಿದಾರರಿಗೆ ಸೂಚನೆಗಳು
(ಅ) ದ್ವಾರ ತೆರೆಯುವ ದಿನವನ್ನು ವಾಡಿಕೆಯಂತೆ ವಸಂತ ಪಂಚಮಿಯಂದು, ಮುಚ್ಚುವ ದಿನವನ್ನು ವಿಜಯದಶಮಿಯಂದು ಪ್ರಕಟಿಸಲಾಗುತ್ತದೆ. ಇವು ಪ್ರತಿ ವರ್ಷ ಬದಲಾಗುವುದರಿಂದ ಪ್ರಕಟಣೆಯನ್ನು ನೋಡಿಕೊಂಡ ನಂತರವೇ ಟಿಕೆಟ್ ಕಾಯ್ದಿರಿಸುವುದು.
(ಆ) ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿಯನ್ನು ಪ್ರತ್ಯೇಕವಾಗಿ ಮಾಡಿಸತಕ್ಕದ್ದು.
(ಇ) ರಸ್ತೆ ಬಂದ್ ಆಗುವ ಸಂಭವವಿರುವುದರಿಂದ ಹಿಂದಿರುಗುವ ರೈಲಿಗೆ ಮುನ್ನ ಕನಿಷ್ಠ ಎರಡು ದಿನಗಳ ಬಿಡುವು ಇರಿಸಿಕೊಳ್ಳುವುದು.
(ಈ) ಹೃದ್ರೋಗ, ಉಬ್ಬಸ, ರಕ್ತದೊತ್ತಡ ಇರುವವರು ಹಾಗೂ ಹಿರಿಯ ನಾಗರಿಕರು ಹೊರಡುವ ಮೊದಲು ವೈದ್ಯರ ಸಲಹೆ ಪಡೆಯುವುದು. ಜೋಶಿಮಠದಲ್ಲಿ ಒಂದು ರಾತ್ರಿ ತಂಗಿ ಮುಂದುವರಿಯುವುದು ಸೂಕ್ತ.
(ಉ) ಯಾವುದೇ ತಿಂಗಳಿನಲ್ಲಿ ಪ್ರಯಾಣಿಸಿದರೂ ಉಣ್ಣೆಯ ಬಟ್ಟೆ, ಮಳೆ ಅಂಗಿ ಹಾಗೂ ನಿತ್ಯದ ಔಷಧಿಗಳನ್ನು ಜೊತೆಯಲ್ಲಿರಿಸಿಕೊಳ್ಳುವುದು.

ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ ಇರುವಾಗ ಸ್ಥಳೀಯ ಆಡಳಿತವು ಯಾತ್ರೆಯನ್ನು ತಡೆಹಿಡಿದಲ್ಲಿ, ಯಾತ್ರಾರ್ಥಿಗಳು ಇರುವ ಸ್ಥಳದಲ್ಲಿಯೇ ತಂಗಿ ಸಹಕರಿಸಲು ಕೋರಲಾಗಿದೆ. ದರ್ಶನವು ಒಂದು ದಿನ ತಡವಾದರೂ ಸುರಕ್ಷಿತವಾಗಿ ಮನೆಗೆ ಮರಳುವುದು ಮುಖ್ಯ.