ಮಣಿಕಟ್ಟಿನ ಅಂಕಿಗಳು: ಕಾಸರಗೋಡಿನ ಹಿರಿಯರು ಮತ್ತು ಸ್ಮಾರ್ಟ್ ವಾಚ್

ಗಡಿನಾಡಿನ ಭಾಷಾಸ್ಥಿತಿಯ ಬಗ್ಗೆ ಹಿಂದಿನವರು ಮಾತಾಡಿದ್ರು. ಅದೇ ಪ್ರಶ್ನೆಯನ್ನು ನಾನು ಒಂದು ಸಣ್ಣ ವಸ್ತುವಿನ ಮೂಲಕ ನೋಡ್ತೇನೆ: ನಮ್ಮ ಹಿರಿಯರ ಕೈಯಲ್ಲಿರುವ ಸ್ಮಾರ್ಟ್ ವಾಚ್.

ದೊಡ್ಡ ಕಾಯಿಲೆ ಅಂದ್ರೆ ಕಾಸರಗೋಡಿನವರು ಮಂಗಳೂರನ್ನೇ ನೆಚ್ಚಿದವರು. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯೇ ಕಡಿದುಹೋಯ್ತು. ದೂರದ ಊರಿನ ಮಕ್ಕಳು ಅಪ್ಪ-ಅಮ್ಮನಿಗೆ ವಾಚ್ ಕಳಿಸುವುದರ ಹಿಂದೆ ಆ ಭಯವೂ ಇದೆ ಅಂತ ನನಗನ್ನಿಸ್ತದೆ.

ಕಲಿಯಲಿಕ್ಕೆ ಅಡ್ಡಿ ವಯಸ್ಸಲ್ಲ, ಭಾಷೆ. ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಅಜ್ಜಿಯಂದಿರಿಗೆ ಮನೆಮಾತು ತುಳು, ಶಾಲೆಯಲ್ಲಿ ಓದಿದ್ದು ಕನ್ನಡ, ಸರಕಾರಿ ಆಸ್ಪತ್ರೆಯಲ್ಲಿ ಕೇಳುವುದು ಮಲಯಾಳಂ, ವಾಚ್‌ನಲ್ಲಿ ಬರುವುದು ಇಂಗ್ಲಿಷ್. ಎಚ್ಚರಿಕೆ ಬಂದರೂ ಅದು ಎಚ್ಚರಿಕೆ ಅಂತ ಗೊತ್ತಾಗುವುದಿಲ್ಲ. ಅಂಕಿಗಳನ್ನಾದರೆ ಓದ್ತಾರೆ. ಹಾಗಾಗಿ ಕಲಿಸುವುದನ್ನು ಅಲ್ಲಿಂದಲೇ ಸುರು ಮಾಡಬೇಕು.

ವಾಚಿನ ಅಡಿಯ ಹಸಿರು ಬೆಳಕು ಚರ್ಮದೊಳಗಿನ ರಕ್ತದ ಏರಿಳಿತಕ್ಕೆ ತಕ್ಕಂತೆ ಹೆಚ್ಚು-ಕಡಿಮೆಯಾಗಿ ಹಿಂದಿರುಗ್ತದೆ; ಅದರಿಂದ ನಾಡಿಬಡಿತದ ಲೆಕ್ಕ. ಪಟ್ಟಿ ಸಡಿಲವಿದ್ರೆ, ಕೈ ಆಡ್ತಾ ಇದ್ರೆ ಲೆಕ್ಕ ತಪ್ಪಬಹುದು. ಅಡಿಕೆ ಸುಲಿಯುತ್ತಾ ನೋಡಿದ ಅಂಕಿಯನ್ನು ನಂಬಬಾರದು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ ಕಟ್ಟಿ, ಐದು ನಿಮಿಷ ಸುಮ್ಮನೆ ಕುಳಿತು ನೋಡಬೇಕು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಾಮಾನ್ಯ. ಕೆಲವು ಬಿಪಿ ಮಾತ್ರೆಗಳಿಂದ ಇನ್ನೂ ಕಡಿಮೆ ಇರಬಹುದು. ಆದ್ದರಿಂದ ಅವರವರ ಮಾಮೂಲಿ ಅಂಕಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹೆಚ್ಚು ಅಪಾಯ ಇರುವುದು ಸಕ್ಕರೆ ಕಾಯಿಲೆಯವರಿಗೆ. ಸೂಜಿ ಚುಚ್ಚದೆ ಸಕ್ಕರೆ ತೋರಿಸ್ತೇವೆ ಎನ್ನುವ ವಾಚ್‌ಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಅಂಥ ಯಾವ ವಾಚಿಗೂ ಅದು ಒಪ್ಪಿಗೆ ಕೊಟ್ಟಿರಲಿಲ್ಲ. ತಪ್ಪು ಅಂಕಿ ನಂಬಿ ಇನ್ಸುಲಿನ್ ಹೆಚ್ಚು ತಗೊಂಡ್ರೆ ಜೀವಕ್ಕೇ ಕುತ್ತು. ಹಾಗೆಯೇ ವಾಚ್‌ಗೆ ಹೃದಯಾಘಾತ ಕಂಡುಹಿಡಿಯಲು ಬರುವುದಿಲ್ಲ. ಎದೆನೋವು ಬಂದಾಗ "ವಾಚಲ್ಲಿ ಎಲ್ಲ ಸರಿ ಉಂಟಲ್ಲ" ಅಂತ ಕೂರಬಾರದು.

ನನ್ನ ಸಲಹೆ ಇಷ್ಟೇ. ನಮ್ಮ ವಾಚನಾಲಯಗಳಲ್ಲಿ ಪ್ರತಿ ಹಿರಿಯರಿಗೂ ಒಂದು ಚೀಟಿ ಮಾಡಿಕೊಡುವಾ. ಮಾಮೂಲಿ ನಾಡಿ, ತೆಗೆದುಕೊಳ್ಳುವ ಮಾತ್ರೆ, ಯಾವಾಗ ವೈದ್ಯರ ಬಳಿ ಹೋಗಬೇಕು ಎಂಬುದು ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಆಸ್ಪತ್ರೆಯವರಿಗಾಗಿ ಮಲಯಾಳದಲ್ಲಿ. ಭಾಷಾಹಕ್ಕು ಅಂದ ಕೂಡಲೇ ನಾವು ಶಾಲೆ, ನಾಮಫಲಕದ ಮಾತಾಡ್ತೇವೆ. ಆ ಪಟ್ಟಿಗೆ ಈ ಚೀಟಿಯೂ ಸೇರಲಿ.