ಮಳೆ ತಲುಪದ ಬೆಟ್ಟದಲ್ಲೊಂದು ದೂರದರ್ಶಕ

ಕಡೂರಿನ ಬಯಲಿನಿಂದ ಪಡುವಣಕ್ಕೆ ನೋಡಿದರೆ ಬಾಬಾಬುಡನ್‌ಗಿರಿಯ ಸಾಲು. ಆಷಾಢದಲ್ಲಿ ಅದರ ನೆತ್ತಿಯಿಂದ ಮೋಡ ಕದಲುವುದೇ ಇಲ್ಲ. ಮಳೆಯೆಲ್ಲ ಆಚೆ ಮಗ್ಗುಲಿಗೆ ಸುರಿದು, ಈಚೆಗೆ ಬರುವುದು ಬರೀ ಗಾಳಿ, ನಾಲ್ಕು ಹನಿ. ರಾಗಿ, ತೆಂಗು ನಂಬಿದವರನ್ನು ಗೋಳಾಡಿಸಿದ ಈ ಮಳೆ ನೆರಳನ್ನೇ ಖಗೋಳ ವಿಜ್ಞಾನಿಗಳು ಹುಡುಕಿಕೊಂಡು ಲಡಾಖ್‌ವರೆಗೆ ಹೋದರು.

ಅಲ್ಲಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದೆ. ಎತ್ತರ ಸುಮಾರು 4,500 ಮೀಟರ್. ಮುಂಗಾರನ್ನು ಹಿಮಾಲಯ ತಡೆಯುವುದರಿಂದ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ 10 ಸೆಂಟಿಮೀಟರ್ ಮುಟ್ಟುವುದಿಲ್ಲ. ಎರಡು ಮೀಟರ್ ಅಗಲದ ಕನ್ನಡಿಯಿರುವ ಹಿಮಾಲಯನ್ ಚಂದ್ರ ದೂರದರ್ಶಕ 2000ದ ಸೆಪ್ಟೆಂಬರ್‌ನಲ್ಲಿ ಇಲ್ಲಿ ಮೊದಲ ಬಾರಿ ಆಕಾಶಕ್ಕೆ ಕಣ್ಣು ತೆರೆಯಿತು. ಸಂಸ್ಥೆಯ ಹಳೆಯ ನೆಲೆಯಾದ ತಮಿಳುನಾಡಿನ ಕಾವಲೂರಿನಲ್ಲಿ ಇದಕ್ಕಿಂತ ದೊಡ್ಡ, 2.3 ಮೀಟರ್ ದೂರದರ್ಶಕವಿದೆ. ಆದರೆ ಅಲ್ಲಿನ ಎಷ್ಟೋ ರಾತ್ರಿಗಳು ಮುಂಗಾರು, ಹಿಂಗಾರಿನ ಮೋಡಕ್ಕೆ ಬಲಿಯಾಗುತ್ತವೆ.

ಮೋಡವಿಲ್ಲದಿದ್ದರಷ್ಟೇ ಸಾಲದು. ಬಿಸಿ ಗಾಳಿ, ತಣ್ಣನೆಯ ಗಾಳಿ ಒಂದರೊಳಗೊಂದು ಬೆರೆತು ಹೊರಳುವಾಗ ನಕ್ಷತ್ರದ ಬೆಳಕು ಅಲುಗಾಡುತ್ತದೆ, ಹರಿಯುವ ಕಾಲುವೆಯ ತಳದ ಬೆಣಚುಕಲ್ಲು ನಡುಗಿದಂತೆ ಕಾಣುವ ಹಾಗೆ. ನಾವು ಮಿನುಗು ಎಂದು ಮೆಚ್ಚುವುದು ದೂರದರ್ಶಕಕ್ಕೆ ಮಸುಕು. ಹಾನ್ಲೆಯ ಎತ್ತರಕ್ಕೆ ಏರಿದರೆ ವಾತಾವರಣದ ಹತ್ತಿರ ಹತ್ತಿರ ಅರ್ಧ ಭಾಗ ಕೆಳಗೇ ಉಳಿಯುತ್ತದೆ. ಇನ್ನೊಂದು ಅಡ್ಡಿ ನೀರಾವಿ. ಕಣ್ಣಿಗೆ ಕಾಣದ ಈ ತೇವ ಅವಕೆಂಪು ಕಿರಣಗಳನ್ನು ಹೀರಿಬಿಡುತ್ತದೆ. ದೂಳಿನ ಮರೆಯಲ್ಲಿ ಹುಟ್ಟುತ್ತಿರುವ ನಕ್ಷತ್ರಗಳ ಸುದ್ದಿ ಬರುವುದು ಆ ಕಿರಣಗಳಲ್ಲೇ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ 5,000 ಮೀಟರ್ ಎತ್ತರಕ್ಕೆ ಆಲ್ಮಾ ರೇಡಿಯೊ ದೂರದರ್ಶಕದ 66 ಆಂಟೆನಾಗಳನ್ನು ಹೊತ್ತೊಯ್ದದ್ದೂ ನೀರಾವಿಯಿಂದ ತಪ್ಪಿಸಿಕೊಳ್ಳಲಿಕ್ಕೇ.

ಹಾಗಾದರೆ ಬಾಬಾಬುಡನ್‌ಗಿರಿಯ ಸಾಲಿನಲ್ಲೇ ಇರುವ, 1,930 ಮೀಟರ್ ಎತ್ತರದ ನಮ್ಮ ಮುಳ್ಳಯ್ಯನಗಿರಿಯಲ್ಲೇಕೆ ದೊಡ್ಡ ದೂರದರ್ಶಕವಿಲ್ಲ? ಅದಕ್ಕಿಂತ ತಗ್ಗಿನಲ್ಲಿರುವ ರಾಜಸ್ಥಾನದ ಗುರುಶಿಖರದಲ್ಲಿ 1.2 ಮೀಟರ್‌ನದ್ದು ಇದೆಯಲ್ಲ? ಉತ್ತರ ಆಷಾಢದ ಆ ಮೋಡದಲ್ಲೇ ಇದೆ. ಗಿರಿಗೆ ಎತ್ತರವಿದೆ, ಒಣಹವೆಯಿಲ್ಲ. ಕಡೂರಿಗೆ ಒಣಹವೆಯಿದೆ, ಎತ್ತರವಿಲ್ಲ. ಎರಡೂ ಒಂದೆಡೆ ಕೂಡುವ ನೆಲ ಭೂಮಿಯ ಮೇಲೆ ತೀರಾ ಅಪರೂಪ.

ಉಸಿರಿಗೂ ಕಷ್ಟವಾದ ಆ ಚಳಿಯಲ್ಲಿ ಖಗೋಳಜ್ಞರು ರಾತ್ರಿಯಿಡೀ ಕೂರಬೇಕಿಲ್ಲ. ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯ ಕೇಂದ್ರದಿಂದ. ಲಡಾಖ್‌ನ ಆಕಾಶವನ್ನು ಕರ್ನಾಟಕದ ಒಂದು ಕೋಣೆಯಲ್ಲಿ ಕುಳಿತು ನೋಡುತ್ತಾರೆ ಎಂಬುದು ನಮ್ಮಲ್ಲಿ ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕು.

ಎತ್ತರ, ಒಣಹವೆ ಪ್ರಕೃತಿ ಕೊಟ್ಟವು. ಕತ್ತಲೆಯನ್ನು ಮಾತ್ರ ಮನುಷ್ಯರೇ ಕಾಯಬೇಕು. ಹಾನ್ಲೆಯ ಸುತ್ತ ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಪ್ರದೇಶವನ್ನು 2022ರಲ್ಲಿ ಕಗ್ಗತ್ತಲ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರು ಕಿಟಕಿಗೆ ದಪ್ಪ ಪರದೆ ಎಳೆಯುತ್ತಾರೆ, ದೀಪಕ್ಕೆ ಮರೆ ಕಟ್ಟುತ್ತಾರೆ. ಕಡೂರು, ಅಜ್ಜಂಪುರ, ತರೀಕೆರೆಯ ಪಂಚಾಯಿತಿಗಳೂ ಹೊಸ ಬೀದಿದೀಪ ಹಾಕಿಸುವಾಗ ಬೆಳಕು ನೆಲಕ್ಕಷ್ಟೇ ಬೀಳುವಂತೆ ಮೇಲೊಂದು ಮರೆ ಹಾಕಿಸಲಿ. ಖರ್ಚು ಅಲ್ಪ, ನಮ್ಮ ಶಾಲೆಯ ಮಕ್ಕಳಿಗೆ ಆಕಾಶಗಂಗೆ ಉಳಿಯುತ್ತದೆ.